ಹಳೆಯ ಕಾರಿಗೆ ಆಯಿಲ್ ಫಿಲ್ಟರ್: ಹೆಸರಿಗಿಂತ ಅಳತೆ ಮುಖ್ಯ

ಬಿಡಿಭಾಗಗಳ ಅಂಗಡಿಗೆ ಬಂದ ಗ್ರಾಹಕರೊಬ್ಬರು "ಅಂಬಾಸಿಡರ್ ಕಾರಿಗೆ ಒಂದು ಆಯಿಲ್ ಫಿಲ್ಟರ್ ಕೊಡಿ" ಎಂದು ಕೇಳುತ್ತಾರೆ. ಮೇಲ್ನೋಟಕ್ಕೆ ಇದು ಸರಳವಾದ ಬೇಡಿಕೆ. ಆದರೆ ಅನುಭವಸ್ಥ ವರ್ತಕರು ಕೂಡಲೇ ಕಪಾಟಿನತ್ತ ಕೈ ಚಾಚುವುದಿಲ್ಲ. "ಯಾವ ಎಂಜಿನ್?" ಎಂಬ ಮರುಪ್ರಶ್ನೆ ಮೊದಲು ಬರುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾದ ಆ ಕಾರಿನ ಹೊರಮೈ ಹೆಚ್ಚು ಬದಲಾಗಲಿಲ್ಲವಾದರೂ ಅದರ ಒಡಲು ಹಲವು ಬಾರಿ ಬದಲಾಯಿತು. ಆರಂಭದಲ್ಲಿ 1,476 ಸಿ.ಸಿ.ಯ ಸೈಡ್ ವಾಲ್ವ್ ಎಂಜಿನ್, ನಂತರ ಬಿ.ಎಂ.ಸಿ. ಮೂಲದ 1,489 ಸಿ.ಸಿ. ಪೆಟ್ರೋಲ್ ಎಂಜಿನ್, ಅದೇ ಮೂಲದ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಇಸುಜು ಮೂಲದ 1,817 ಸಿ.ಸಿ. ಪೆಟ್ರೋಲ್ ಎಂಜಿನ್, ಬಳಿಕ 1,995 ಸಿ.ಸಿ. ಡೀಸೆಲ್ ಎಂಜಿನ್. ಹೀಗೆ ಒಂದೇ ಹೆಸರಿನ ಅಡಿಯಲ್ಲಿ ಕನಿಷ್ಠ ಐದು ಬಗೆಯ ಎಂಜಿನ್‌ಗಳು ರಸ್ತೆಗೆ ಇಳಿದಿವೆ. ಕಾರಿನ ಹೆಸರನ್ನಷ್ಟೇ ನಂಬಿ ಫಿಲ್ಟರ್ ಕೊಡುವ ವರ್ತಕರು ಗ್ರಾಹಕರ ಎಂಜಿನ್ನನ್ನೂ ತಮ್ಮ ಅಂಗಡಿಯ ಹೆಸರನ್ನೂ ಪಣಕ್ಕಿಟ್ಟಂತಾಗುತ್ತದೆ.

ಹೊಸ ಕಾರಿನ ವಿಷಯದಲ್ಲಿ ಈ ತೊಡಕು ಇಲ್ಲ. ತಯಾರಕರ ಬಿಡಿಭಾಗ ಸಂಖ್ಯೆ ಇರುತ್ತದೆ, ವಾಹನದ ಚಾಸಿಸ್ ಸಂಖ್ಯೆಯಿಂದ ಅದನ್ನು ಪತ್ತೆ ಹಚ್ಚಬಹುದು. ಹಳೆಯ ಕಾರುಗಳಿಗೆ ಆ ಅನುಕೂಲ ಬಹುಮಟ್ಟಿಗೆ ತಪ್ಪಿಹೋಗಿದೆ. ಮೂಲ ತಯಾರಕರು ಉತ್ಪಾದನೆ ನಿಲ್ಲಿಸಿರುತ್ತಾರೆ, ಬಿಡಿಭಾಗದ ಸಂಖ್ಯೆಗಳು ಬದಲಾಗಿರುತ್ತವೆ, ನಾಲ್ಕಾರು ಮಾಲೀಕರ ಕೈ ದಾಟಿದ ಕಾರಿನಲ್ಲಿ ಎಂಜಿನ್ನೇ ಬೇರೆಯದಾಗಿರುವ ಸಂಭವವೂ ಉಂಟು. ಇಂತಹ ಸಂದರ್ಭದಲ್ಲಿ ಉಳಿಯುವ ಭರವಸೆಯ ಮಾರ್ಗ ಒಂದೇ: ಅಳತೆ.

ಮಾರುಕಟ್ಟೆಯ ಹಿನ್ನೆಲೆ

ಹಳೆಯ ಕಾರುಗಳ ಬಿಡಿಭಾಗ ಎಂದರೆ ಗುಜರಿ ವ್ಯಾಪಾರವೆಂಬ ಭಾವನೆ ಇಂದು ಉಳಿದಿಲ್ಲ. ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ ಕನಿಷ್ಠ 30 ವರ್ಷ ಹಳೆಯದಾದ, ಮೂಲ ಸ್ವರೂಪದಲ್ಲಿ ಕಾಪಾಡಿಕೊಂಡು ಬಂದ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತದೆ. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ವರ್ಗದ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ರೂಪಿಸಿತು. ಇದರಿಂದ ಹಳೆಯ ವಾಹನವನ್ನು ಕಾಪಾಡಿಕೊಳ್ಳುವವರಿಗೆ ಕಾನೂನಿನ ಆಸರೆ ದೊರೆತಿದೆ.

ಈ ವಾಹನಗಳ ಮಾಲೀಕರು ವರ್ಷಕ್ಕೆ ಓಡಿಸುವ ದೂರ ಕಡಿಮೆ. ಆದರೆ ಅವರು ತೈಲ ಮತ್ತು ಫಿಲ್ಟರನ್ನು ಕಾಲಕಾಲಕ್ಕೆ ಬದಲಾಯಿಸುತ್ತಾರೆ, ಸರಿಯಾದ ವಸ್ತುವಿಗೆ ಸರಿಯಾದ ಬೆಲೆ ಕೊಡಲು ಹಿಂಜರಿಯುವುದಿಲ್ಲ, ಒಮ್ಮೆ ನಂಬಿಕೆ ಹುಟ್ಟಿದ ಅಂಗಡಿಯನ್ನು ಸುಲಭವಾಗಿ ಬಿಡುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗೂ ಪೀಣ್ಯದಂತಹ ಸಣ್ಣ ಕೈಗಾರಿಕಾ ಪ್ರದೇಶದ ಲೇತ್ ಘಟಕಗಳಿಗೂ ಇದು ಗಮನಿಸತಕ್ಕ ಕ್ಷೇತ್ರವಾಗಿದೆ.

ಫಿಲ್ಟರ್ ಮಾಡುವ ಕೆಲಸ

ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್‌ಗಳ ನಡುವೆ ಇರುವ ಸಂದು ಅತಿ ಸಣ್ಣದು. ಸಾಮಾನ್ಯವಾಗಿ ಅದು ಒಂದು ಇಂಚಿನ ಸಾವಿರದಲ್ಲಿ ಒಂದರಿಂದ ಮೂರು ಭಾಗ, ಎಂದರೆ 25ರಿಂದ 75 ಮೈಕ್ರಾನ್. ಆ ಸಂದಿನಲ್ಲಿ ಒತ್ತಡದಿಂದ ಹರಿಯುವ ತೈಲದ ಪದರವೇ ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತದೆ. ತೈಲದೊಂದಿಗೆ ಧೂಳು, ಮಸಿ, ಲೋಹದ ಕಣ ಸೇರಿಕೊಂಡರೆ ಆ ಪದರವೇ ಉಜ್ಜುಕಾಗದದಂತೆ ವರ್ತಿಸುತ್ತದೆ.

ಅಮೆರಿಕದಲ್ಲಿ 1920ರ ದಶಕದ ಆರಂಭದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಅವರು ಕಾರಿಗಾಗಿ ರೂಪಿಸಿದ ತೈಲ ಫಿಲ್ಟರ್ 'ಪ್ಯೂರೊಲೇಟರ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಆ ಕಾಲದ ಫಿಲ್ಟರ್‌ಗಳು ಬಹುತೇಕ ಅಡ್ಡದಾರಿಯ ಫಿಲ್ಟರ್‌ಗಳು. ಪಂಪಿನಿಂದ ಬಂದ ತೈಲದ ಸಣ್ಣ ಭಾಗವಷ್ಟೇ ಫಿಲ್ಟರ್‌ನ ಮೂಲಕ ಸಾಗಿ ಸಂಪಿಗೆ ಮರಳುತ್ತಿತ್ತು. ಉಳಿದ ತೈಲ ಸೋಸದೆಯೇ ಬೇರಿಂಗ್‌ಗಳಿಗೆ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಪೂರ್ಣ ಹರಿವಿನ ಫಿಲ್ಟರ್ ಹಂತಹಂತವಾಗಿ ರೂಢಿಗೆ ಬಂದಿತು. ಇದರಲ್ಲಿ ಬೇರಿಂಗ್‌ಗೆ ಹೋಗುವ ಎಲ್ಲ ತೈಲವೂ ಮೊದಲು ಫಿಲ್ಟರ್ ದಾಟಬೇಕು. 1950ರ ದಶಕದಲ್ಲಿ, ಇಡೀ ಡಬ್ಬಿಯನ್ನೇ ತಿರುಗಿಸಿ ಕೂರಿಸುವ ಸ್ಪಿನ್-ಆನ್ ಮಾದರಿಯೂ ಬಂದಿತು.

ಈ ಇತಿಹಾಸ ವರ್ತಕರಿಗೆ ಅನಗತ್ಯವೆಂದು ತೋರಬಹುದು. ಆದರೆ ಹಳೆಯ ಕಾರಿನ ಮಾಲೀಕರು ಕೇಳುವ ವಸ್ತು ಈ ಯಾವ ಹಂತಕ್ಕಾದರೂ ಸೇರಿರಬಹುದು. 1955ರ ಷೆವರ್ಲೆ ವಿ-8 ಎಂಜಿನ್ನಿಗೆ ಫಿಲ್ಟರ್ ಕಡ್ಡಾಯ ಭಾಗವಾಗಿರಲಿಲ್ಲ. ಹೆಚ್ಚುವರಿ ಹಣ ಕೊಟ್ಟವರಿಗೆ ಅಡ್ಡದಾರಿಯ ಫಿಲ್ಟರ್ ದೊರೆಯುತ್ತಿತ್ತು. ಗಾಳಿಯಿಂದ ತಣಿಯುವ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಕಾಗದದ ಫಿಲ್ಟರೇ ಇಲ್ಲ. ಎಂಜಿನ್ನಿನ ಅಡಿಯಲ್ಲಿ ಆರು ನಟ್‌ಗಳಿಂದ ಬಿಗಿದ ತಟ್ಟೆಯ ಹಿಂದೆ ತಂತಿಜಾಲರಿಯ ಸೋಸುಕವಿದೆ. ಬೀಟಲ್‌ಗೆ ಫಿಲ್ಟರ್ ಕೇಳಿ ಬಂದವರಿಗೆ ನಿಜವಾಗಿ ಬೇಕಾಗಿರುವುದು ಆ ಜಾಲರಿಯ ಗ್ಯಾಸ್ಕೆಟ್ ಮತ್ತು ವಾಷರ್‌ಗಳ ಜೊತೆ. ಇದನ್ನು ತಿಳಿದ ವರ್ತಕರು ಆ ಗ್ರಾಹಕರನ್ನು ಮತ್ತೆ ಮತ್ತೆ ನೋಡುತ್ತಾರೆ.

ಮೊದಲ ಅಳತೆ: ಥ್ರೆಡ್

ಸ್ಪಿನ್-ಆನ್ ಫಿಲ್ಟರ್‌ನ ಗಾತ್ರವೆಂದರೆ ಡಬ್ಬಿಯ ಗಾತ್ರವೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಮೊದಲು ನೋಡಬೇಕಾದುದು ನಡುವಿನ ರಂಧ್ರದ ಥ್ರೆಡ್. ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಥ್ರೆಡ್‌ಗಳು ಐದು: ಎಂ 18 × 1.5, ಮುಕ್ಕಾಲು ಇಂಚು – 16, ಎಂ 20 × 1.5, ಹದಿನಾರರಲ್ಲಿ 13 ಇಂಚು – 16, ಎಂ 22 × 1.5. ಇಂಚಿನ ಅಳತೆಗಳನ್ನು ಮಿಲಿಮೀಟರಿಗೆ ತಂದರೆ ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ., ಹದಿನಾರರಲ್ಲಿ 13 ಇಂಚು ಎಂದರೆ 20.64 ಮಿ.ಮೀ. ಅಂದರೆ ಕೇವಲ ನಾಲ್ಕು ಮಿಲಿಮೀಟರಿನ ಅಂತರದಲ್ಲಿ ಐದು ಬೇರೆ ಬೇರೆ ಥ್ರೆಡ್‌ಗಳಿವೆ. ಬರಿಗಣ್ಣಿಗೆ ಇವು ಒಂದೇ ರೀತಿ ಕಾಣುತ್ತವೆ. ಅಪಾಯ ಇರುವುದೇ ಇಲ್ಲಿ.

ಉದಾಹರಣೆಗೆ ಎಂಜಿನ್ನಿನ ಸ್ಟಡ್ ಮುಕ್ಕಾಲು ಇಂಚಿನದಾಗಿದ್ದು ಅಂಗಡಿಯಿಂದ ಎಂ 20 × 1.5 ಫಿಲ್ಟರ್ ಬಂದಿದೆ ಎಂದುಕೊಳ್ಳೋಣ. ಮುಕ್ಕಾಲು ಇಂಚಿನ ಥ್ರೆಡ್‌ನ ಪಿಚ್ 1.5875 ಮಿ.ಮೀ., ಫಿಲ್ಟರ್‌ನದು 1.5 ಮಿ.ಮೀ. ವ್ಯತ್ಯಾಸ ಒಂದು ಸುತ್ತಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಜೊತೆಗೆ ಫಿಲ್ಟರ್‌ನ ರಂಧ್ರ ದೊಡ್ಡದಾದುದರಿಂದ ಸಡಿಲವಿರುತ್ತದೆ. ಆದುದರಿಂದ ಫಿಲ್ಟರ್ ಸ್ಟಡ್‌ನ ಮೇಲೆ ಕೂರುತ್ತದೆ, ಸುತ್ತುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಆದರೆ ಹಲ್ಲುಗಳು ಒಂದನ್ನೊಂದು ಎಷ್ಟು ಹಿಡಿದಿವೆ? ಸರಿಯಾದ ಜೋಡಿಯಲ್ಲಿ ಹಲ್ಲು ಹಲ್ಲಿನೊಳಗೆ ಹೋಗುವ ಆಳ ಸುಮಾರು 0.86 ಮಿ.ಮೀ. ಈ ತಪ್ಪು ಜೋಡಿಯಲ್ಲಿ ಅದು ಸುಮಾರು 0.34 ಮಿ.ಮೀ.ಗೆ ಇಳಿಯುತ್ತದೆ. ಎಂದರೆ ಹಿಡಿತ ಶೇಕಡ 40ರಷ್ಟು ಮಾತ್ರ.

ಈ ಹಿಡಿತದ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಬಹುದು. ಫಿಲ್ಟರ್‌ನ ಗ್ಯಾಸ್ಕೆಟ್‌ನ ಒಳವ್ಯಾಸ 62 ಮಿ.ಮೀ. ಇದ್ದರೆ ಒಳಗಿನ ವಿಸ್ತೀರ್ಣ ಸುಮಾರು 30 ಚದರ ಸೆಂ.ಮೀ. ತೈಲದ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 4 ಕೆ.ಜಿ. ಇದ್ದಾಗ ಫಿಲ್ಟರನ್ನು ಎಂಜಿನ್ನಿನಿಂದ ಹೊರಗೆ ತಳ್ಳುವ ಬಲ ಸುಮಾರು 120 ಕೆ.ಜಿ. ಬ್ರಿಟಿಷ್ ಎಂ.ಜಿ.ಬಿ. ಕಾರಿನಲ್ಲಿ ಓಡುವಾಗಿನ ಒತ್ತಡ 80 ಪಿ.ಎಸ್.ಐ.ವರೆಗೂ, ಎಂದರೆ 5.6 ಕೆ.ಜಿ.ವರೆಗೂ ಹೋಗುವುದು ಸಹಜ. ಆಗ ಈ ಬಲ 168 ಕೆ.ಜಿ. ಆಗುತ್ತದೆ. ಚಳಿಗಾಲದ ಮುಂಜಾನೆ, ತೈಲ ದಪ್ಪವಾಗಿರುವಾಗ, ಎಂಜಿನ್ ಚಾಲೂ ಆದ ಕೂಡಲೇ ಒತ್ತಡ ಇನ್ನೂ ಏರಬಹುದು. ಅರೆಬರೆ ಹಿಡಿದ ತೆಳು ತಗಡಿನ ಹಲ್ಲುಗಳು ಅಂತಹ ಗಳಿಗೆಯಲ್ಲಿ ಕಿತ್ತು ಬಂದರೆ ಸಂಪಿನ ತೈಲವೆಲ್ಲ ನಿಮಿಷದೊಳಗೆ ರಸ್ತೆಯ ಪಾಲಾಗುತ್ತದೆ. ಚಾಲಕರ ಕಣ್ಣು ಒತ್ತಡದ ಮುಳ್ಳಿನ ಮೇಲೆ ಬೀಳುವಷ್ಟರಲ್ಲಿ ಬೇರಿಂಗ್‌ಗಳು ಕೆಟ್ಟಿರುತ್ತವೆ. ಫಿಲ್ಟರ್‌ನ ಬೆಲೆ ಕೆಲವು ನೂರು ರೂಪಾಯಿ; ತಯಾರಿಕೆಯೇ ನಿಂತುಹೋದ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗೆ ಬೆಲೆ ಕಟ್ಟುವುದು ಕಷ್ಟ.

ಇಲ್ಲಿ ನೆನಪಿಡಬೇಕಾದ ಸೂತ್ರ ಸರಳ. ಸಣ್ಣ ರಂಧ್ರದ ಫಿಲ್ಟರ್ ದೊಡ್ಡ ಸ್ಟಡ್‌ಗೆ ಹತ್ತುವುದಿಲ್ಲ. ಆ ತಪ್ಪು ತಾನಾಗಿಯೇ ಬಯಲಾಗುತ್ತದೆ. ದೊಡ್ಡ ರಂಧ್ರದ ಫಿಲ್ಟರ್ ಸಣ್ಣ ಸ್ಟಡ್‌ಗೆ ಸಲೀಸಾಗಿ ಹತ್ತುತ್ತದೆ. ಆ ತಪ್ಪು ಅಡಗಿಕೊಂಡಿರುತ್ತದೆ. ಸರಿಯಾದ ಫಿಲ್ಟರ್ ಕೈಯಿಂದ ತಿರುಗಿಸುವಾಗ ಅಲುಗಾಡದೆ ನೇರವಾಗಿ ಹೋಗಬೇಕು. ಅಲುಗಾಟ ಕಂಡರೆ ಅಲ್ಲಿಗೆ ನಿಲ್ಲಿಸಬೇಕು.

ಕಾರಿನ ದೇಶವನ್ನು ನೋಡಿ ಥ್ರೆಡ್ಡನ್ನು ಊಹಿಸುವುದೂ ಸಲ್ಲದು. ಜಪಾನಿನ ಟೊಯೋಟಾದ ಹಲವು ಎಂಜಿನ್‌ಗಳಲ್ಲಿಯೂ ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಹಲವು ಎಂಜಿನ್‌ಗಳಲ್ಲಿಯೂ ಇರುವುದು ಇಂಚಿನ ಲೆಕ್ಕದ ಮುಕ್ಕಾಲು – 16 ಥ್ರೆಡ್. ಅದೇ ಜಪಾನಿನ ಹೋಂಡಾದ ಹಲವು ಎಂಜಿನ್‌ಗಳಲ್ಲಿ ಎಂ 20 × 1.5 ಇದೆ. ವರ್ನಿಯರ್ ಕ್ಯಾಲಿಪರ್ ಮತ್ತು ಥ್ರೆಡ್ ಪಿಚ್ ಗೇಜ್ ಹೇಳಿದ್ದೇ ಅಂತಿಮ.

ಎರಡನೆಯ ಅಳತೆ: ಗ್ಯಾಸ್ಕೆಟ್

ಥ್ರೆಡ್ ಸರಿ ಹೋದರೂ ಗ್ಯಾಸ್ಕೆಟ್ ಸರಿಹೋಗಬೇಕೆಂದಿಲ್ಲ. ಫಿಲ್ಟರ್‌ನ ರಬ್ಬರ್ ಗ್ಯಾಸ್ಕೆಟ್ ಎಂಜಿನ್ನಿನ ಮೇಲೆ ನಯವಾಗಿ ಯಂತ್ರದಿಂದ ತೆಗೆದ ವೃತ್ತಾಕಾರದ ಪಟ್ಟಿಯ ಮೇಲೆ ಪೂರ್ಣವಾಗಿ ಕೂರಬೇಕು. ಗ್ಯಾಸ್ಕೆಟ್ ದೊಡ್ಡದಾದರೆ ಅದರ ಅಂಚು ಪಟ್ಟಿಯ ಹೊರಗೆ ಜೋತುಬೀಳುತ್ತದೆ. ಸಣ್ಣದಾದರೆ ತೈಲ ಬರುವ ರಂಧ್ರದ ಅಂಚಿಗೆ ಸರಿಯುತ್ತದೆ. ಎರಡೂ ಸಂದರ್ಭದಲ್ಲಿ ಮೊದಲ ದಿನ ಸೋರದೆ, ಎಂಜಿನ್ ನಾಲ್ಕು ಬಾರಿ ಕಾದು ತಣಿದ ಮೇಲೆ ಸೋರಲು ಪ್ರಾರಂಭವಾಗಬಹುದು.

ಆದುದರಿಂದ ಗ್ಯಾಸ್ಕೆಟ್‌ನ ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪವನ್ನು ಅಳೆದು, ಎಂಜಿನ್ನಿನ ಪಟ್ಟಿಯ ಒಳವ್ಯಾಸ ಮತ್ತು ಹೊರವ್ಯಾಸದೊಂದಿಗೆ ಹೋಲಿಸಬೇಕು. ಗ್ಯಾಸ್ಕೆಟ್ ಪಟ್ಟಿಯ ಮೇಲೆ ಎಲ್ಲ ಕಡೆಯೂ ಬೀಳುವುದನ್ನು ಖಚಿತಪಡಿಸಿಕೊಳ್ಳಲು ಅದಕ್ಕೆ ತೆಳುವಾಗಿ ಬಣ್ಣ ಅಥವಾ ಗ್ರೀಸ್ ಸವರಿ ಒಮ್ಮೆ ಮೆಲ್ಲನೆ ತಾಗಿಸಿ ತೆಗೆದರೆ ಗುರುತು ಮೂಡುತ್ತದೆ.

ಫಿಲ್ಟರ್ ಬದಲಾಯಿಸುವಾಗ ನಡೆಯುವ ಇನ್ನೊಂದು ಸಾಮಾನ್ಯ ತಪ್ಪೆಂದರೆ ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದು. ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ ಎರಡು ರಬ್ಬರ್ ಒಂದರ ಮೇಲೊಂದು ಜಾರಿ ತೈಲ ಹೊರಚಿಮ್ಮುತ್ತದೆ. ಹಳೆಯ ಫಿಲ್ಟರನ್ನು ಕಳಚಿದ ತಕ್ಷಣ ಅದರ ಗ್ಯಾಸ್ಕೆಟ್ ಅದರಲ್ಲೇ ಇದೆಯೇ ಎಂದು ನೋಡುವ ಅಭ್ಯಾಸವನ್ನು ಪ್ರತಿಯೊಂದು ಗ್ಯಾರೇಜೂ ರೂಢಿಸಿಕೊಳ್ಳಬೇಕು.

ಮೂರನೆಯ ಅಳತೆ: ಕಾಣದ ವಾಲ್ವ್‌ಗಳು

ಫಿಲ್ಟರ್‌ನ ಒಳಗೆ ಕಣ್ಣಿಗೆ ಸುಲಭವಾಗಿ ಕಾಣದ ಎರಡು ವಾಲ್ವ್‌ಗಳಿರಬಹುದು. ಮೊದಲನೆಯದು ಬೈಪಾಸ್ ವಾಲ್ವ್. ಫಿಲ್ಟರ್ ಕೊಳೆಯಿಂದ ಕಟ್ಟಿಕೊಂಡಾಗ ಅಥವಾ ತೈಲ ತೀರ ತಣ್ಣಗಿದ್ದು ಕಾಗದವನ್ನು ದಾಟಲಾರದಾದಾಗ ಈ ವಾಲ್ವ್ ತೆರೆದು, ಸೋಸದ ತೈಲವನ್ನಾದರೂ ಬೇರಿಂಗ್‌ಗಳಿಗೆ ಕಳುಹಿಸುತ್ತದೆ. ತೈಲವೇ ಇಲ್ಲದಿರುವುದಕ್ಕಿಂತ ಸೋಸದ ತೈಲ ಮೇಲು ಎಂಬುದು ಇದರ ತರ್ಕ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಫಿಲ್ಟರ್‌ನೊಳಗೆ ಇರುತ್ತದೆ. ಇನ್ನು ಕೆಲವದರಲ್ಲಿ, ಉದಾಹರಣೆಗೆ ಹಳೆಯ ಷೆವರ್ಲೆ ಸಣ್ಣ ವಿ-8 ಎಂಜಿನ್‌ಗಳಲ್ಲಿ, ಅದು ಎಂಜಿನ್ ಬ್ಲಾಕ್‌ಗೆ ಸೇರಿದ ಭಾಗದಲ್ಲಿರುತ್ತದೆ. ಬ್ಲಾಕಿನಲ್ಲಿ ವಾಲ್ವ್ ಇಲ್ಲದ ಎಂಜಿನ್ನಿಗೆ, ತನ್ನಲ್ಲಿಯೂ ವಾಲ್ವ್ ಇಲ್ಲದ ಫಿಲ್ಟರನ್ನು ಹಾಕಿದರೆ ಅಡಚಣೆಯ ಸಮಯದಲ್ಲಿ ತೈಲಕ್ಕೆ ದಾರಿಯೇ ಇರುವುದಿಲ್ಲ. ವಾಲ್ವ್ ತೆರೆಯುವ ಒತ್ತಡವೂ ಎಂಜಿನ್ನಿಗೆ ತಕ್ಕಂತೆ ಬದಲಾಗುತ್ತದೆ. ಅದು ತೀರ ಕಡಿಮೆಯಾದರೆ ತೈಲ ಸದಾ ಸೋಸದೆ ಹೋಗುತ್ತದೆ. ತೀರ ಹೆಚ್ಚಾದರೆ ಕಾಗದ ಹರಿಯುವ ಭಯ ಇರುತ್ತದೆ.

ಎರಡನೆಯದು ತೈಲ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಬಾಯಿ ಮೇಲ್ಮುಖವಾಗಿರುವಂತೆ ತೂಗುಹಾಕಿದ ಫಿಲ್ಟರಿಗೆ ಇದು ಅಷ್ಟಾಗಿ ಬೇಕಿಲ್ಲ. ತೈಲ ಡಬ್ಬಿಯಲ್ಲೇ ನಿಲ್ಲುತ್ತದೆ. ಅಡ್ಡಲಾಗಿ ಅಥವಾ ಬೋರಲಾಗಿ ಕೂರಿಸಿದ ಫಿಲ್ಟರಿಗೆ ಇದು ಅತ್ಯಗತ್ಯ. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರು ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ವರ್ಷಗಳಲ್ಲಿ ಅದರ ಫಿಲ್ಟರ್ ಕೆಳಮುಖವಾಗಿ ತೂಗುತ್ತಿತ್ತು. ನಂತರದ ಎಂಜಿನ್‌ಗಳಲ್ಲಿ ಬೋರಲಾಗಿ ಮೇಲಕ್ಕೆ ನಿಂತಿತು. ಬೋರಲಾಗಿ ನಿಂತ ಫಿಲ್ಟರಿನಲ್ಲಿ ತಡೆವಾಲ್ವ್ ಸರಿಯಿಲ್ಲದಿದ್ದರೆ ರಾತ್ರಿಯಿಡೀ ತೈಲ ಸಂಪಿಗೆ ಇಳಿದು, ಮುಂಜಾನೆ ಚಾಲೂ ಮಾಡಿದಾಗ ಕೆಲವು ಕ್ಷಣ ಬೇರಿಂಗ್‌ಗಳು ಒಣಗಿಯೇ ಓಡುತ್ತವೆ. ಎಂಜಿನ್ನಿನ ತಳದಿಂದ ಬಡಿತದ ಸದ್ದು ಕೇಳುತ್ತದೆ. ಒಂದೇ ಹೆಸರು, ಒಂದೇ 1,798 ಸಿ.ಸಿ. ಎಂಜಿನ್, ಆದರೂ ತಯಾರಾದ ವರ್ಷಕ್ಕೆ ತಕ್ಕಂತೆ ಫಿಲ್ಟರ್‌ನ ಅಗತ್ಯ ಬೇರೆ.

ನಾಲ್ಕನೆಯ ಅಳತೆ: ಎತ್ತರ ಮತ್ತು ಜಾಗ

ಥ್ರೆಡ್, ಗ್ಯಾಸ್ಕೆಟ್, ವಾಲ್ವ್ ಈ ಮೂರೂ ಹೊಂದಿದ ಮೇಲೆ ಮಾತ್ರ ಡಬ್ಬಿಯ ಎತ್ತರ ಮತ್ತು ವ್ಯಾಸದ ಪ್ರಶ್ನೆ ಬರುತ್ತದೆ. ಉದ್ದನೆಯ ಡಬ್ಬಿಯಲ್ಲಿ ಕಾಗದದ ಮಡಿಕೆಗಳು ಹೆಚ್ಚು. ಅದು ಹೆಚ್ಚು ಕೊಳೆಯನ್ನು ಹಿಡಿದಿಡುತ್ತದೆ, ತೈಲದ ಹರಿವಿಗೆ ಕಡಿಮೆ ಅಡ್ಡಿ ಮಾಡುತ್ತದೆ. ಆದುದರಿಂದ ಉಳಿದ ಅಳತೆಗಳು ಒಂದೇ ಆಗಿದ್ದು ಜಾಗವಿದ್ದರೆ ದೊಡ್ಡದನ್ನು ಆರಿಸುವುದರಲ್ಲಿ ತಪ್ಪಿಲ್ಲ.

ಆದರೆ ಜಾಗ ಇದೆಯೇ ಎಂಬುದನ್ನು ಕಾರು ನಿಂತಿರುವಾಗ ನೋಡಿದರೆ ಸಾಲದು. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತದೆ. ವೇಗ ಹೆಚ್ಚಿಸಿದಾಗ ಅದು ವಾಲುತ್ತದೆ. ಸ್ಟಿಯರಿಂಗ್‌ನ ಸರಳುಗಳು ಚಕ್ರ ತಿರುಗಿದಂತೆ ಚಲಿಸುತ್ತವೆ. ಸೈಲೆನ್ಸರ್ ಕೊಳವೆಯ ಕಾವು ಹತ್ತಿರದ ರಬ್ಬರನ್ನು ಸುಡುತ್ತದೆ. ಕೆಳಮುಖವಾಗಿ ತೂಗುವ ಫಿಲ್ಟರ್ ಸಂಪಿಗಿಂತ ಕೆಳಗೆ ಬಂದರೆ ನಮ್ಮ ರಸ್ತೆಗಳ ಉಬ್ಬುಗಳಿಗೆ ತಾಗುವುದು ಖಂಡಿತ. ಸುತ್ತಲೂ ಕನಿಷ್ಠ ಒಂದು ಬೆರಳಿನ ಅಂತರವನ್ನು ಉಳಿಸಿಕೊಳ್ಳುವುದು ವಿವೇಕ. ದೊಡ್ಡ ಡಬ್ಬಿಗೆ ಹೆಚ್ಚು ತೈಲ ಹಿಡಿಯುವುದರಿಂದ ಮೊದಲ ಬಾರಿ ಎಂಜಿನ್ ಓಡಿಸಿ ನಿಲ್ಲಿಸಿದ ನಂತರ ಡಿಪ್‌ಸ್ಟಿಕ್ ನೋಡಿ ಕೊರತೆ ತುಂಬುವುದನ್ನು ಮರೆಯಬಾರದು.

ಬಟ್ಟಲು ಮಾದರಿಯ ಫಿಲ್ಟರ್

ಅಂಬಾಸಿಡರ್‌ನ ಹಳೆಯ 1,489 ಸಿ.ಸಿ. ಪೆಟ್ರೋಲ್ ಎಂಜಿನ್ ಸೇರಿರುವ ಬಿ.ಎಂ.ಸಿ. ಬಿ-ಶ್ರೇಣಿಯ ಹಳೆಯ ಎಂಜಿನ್‌ಗಳಲ್ಲಿ ಲೋಹದ ಬಟ್ಟಲು, ಅದರೊಳಗೆ ಬದಲಾಯಿಸುವ ಎಲಿಮೆಂಟ್, ನಡುವೆ ಉದ್ದನೆಯ ಬೋಲ್ಟ್ ಎಂಬ ವ್ಯವಸ್ಥೆ ಇತ್ತು. ಇಲ್ಲಿ ಥ್ರೆಡ್‌ನ ಪ್ರಶ್ನೆ ಬರುವುದಿಲ್ಲ. ಅಳೆಯಬೇಕಾದುದು ಎಲಿಮೆಂಟ್‌ನ ಎತ್ತರ, ಹೊರವ್ಯಾಸ ಮತ್ತು ಎರಡೂ ತುದಿಗಳ ರಂಧ್ರದ ವ್ಯಾಸ. ಎತ್ತರ ಕಡಿಮೆಯಾದರೆ ತುದಿಗಳು ಒತ್ತಿ ಕೂರುವುದಿಲ್ಲ. ತೈಲ ಎಲಿಮೆಂಟನ್ನು ದಾಟದೆ ಪಕ್ಕದಿಂದ ನುಸುಳುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒತ್ತಡದ ಮುಳ್ಳು ಸರಿಯಾಗಿಯೇ ಇರುತ್ತದೆ. ಸೋಸುವಿಕೆ ಮಾತ್ರ ನಡೆಯುವುದಿಲ್ಲ. ಬಟ್ಟಲಿನ ತಳದಲ್ಲಿರುವ ಸ್ಪ್ರಿಂಗ್, ಲೋಹದ ವಾಷರ್, ಫೆಲ್ಟ್ ಅಥವಾ ರಬ್ಬರ್ ವಾಷರ್, ಒತ್ತುತಟ್ಟೆ ಇವುಗಳಲ್ಲಿ ಒಂದು ಕಳೆದುಹೋದರೂ, ಕ್ರಮ ತಪ್ಪಿದರೂ ಫಲಿತಾಂಶ ಅದೇ. ಹಲವು ವರ್ಷಗಳಿಂದ ಬಟ್ಟಲನ್ನು ತೊಳೆಯುವಾಗ ಈ ಸಣ್ಣ ಭಾಗಗಳು ಹಳೆಯ ಎಲಿಮೆಂಟ್‌ನೊಂದಿಗೆ ಕಸದ ಬುಟ್ಟಿ ಸೇರಿರುವುದು ಅಪರೂಪವಲ್ಲ.

ಬಟ್ಟಲಿನ ಅಂಚು ಕೂರುವ ರಬ್ಬರ್ ಉಂಗುರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಬ್ರಿಟಿಷ್ ಕಾರುಗಳ ಎಲಿಮೆಂಟ್ ಪೊಟ್ಟಣಗಳಲ್ಲಿ ಎರಡು ಮೂರು ಬೇರೆ ಬೇರೆ ಉಂಗುರಗಳಿರುವುದುಂಟು. ಅವೆಲ್ಲವನ್ನೂ ಹಾಕಬೇಕೆಂದಲ್ಲ, ಹಲವು ಎಂಜಿನ್‌ಗಳಿಗೆ ಒಂದೇ ಪೊಟ್ಟಣ ಸಲ್ಲುವಂತೆ ಅವುಗಳನ್ನು ಇಟ್ಟಿರುತ್ತಾರೆ. ಕಾಡಿಯಲ್ಲಿದ್ದ ಹಳೆಯ ಉಂಗುರವನ್ನು ಹೊರತೆಗೆದು, ಅದರ ಪಕ್ಕದಲ್ಲಿಟ್ಟು ಹೋಲಿಸಿ, ಅದೇ ಅಗಲ ಮತ್ತು ದಪ್ಪದ ಹೊಸದನ್ನು ಆರಿಸಬೇಕು. ಕಾಡಿಯ ತಳದಲ್ಲಿ ಕಪ್ಪಾಗಿ ಗಟ್ಟಿಯಾದ ಹಳೆಯ ಉಂಗುರ ಲೋಹದಂತೆಯೇ ಕಾಣುವುದರಿಂದ ಸೂಜಿಯ ಮೊನೆಯಿಂದ ಮೀಟಿ ನೋಡುವುದು ಒಳಿತು.

ಅಡಾಪ್ಟರ್: ಸಣ್ಣ ತಯಾರಕರ ಅವಕಾಶ

ಬಟ್ಟಲಿನ ಕಿರಿಕಿರಿಯಿಂದ ಬೇಸತ್ತ ಮಾಲೀಕರು ಸ್ಪಿನ್-ಆನ್ ಫಿಲ್ಟರ್ ಕೂರಿಸುವ ಅಡಾಪ್ಟರ್‌ಗಳನ್ನು ಕೇಳುತ್ತಾರೆ. ವಿದೇಶಗಳಲ್ಲಿ ಎಂ.ಜಿ., ಜಾಗ್ವಾರ್ ಮುಂತಾದ ಕಾರುಗಳಿಗೆ ಇಂತಹ ಅಡಾಪ್ಟರ್‌ಗಳು ಬಹುಕಾಲದಿಂದ ಮಾರಾಟವಾಗುತ್ತಿವೆ. ಇದು ಲೇತ್ ಮತ್ತು ಮಿಲ್ಲಿಂಗ್ ಯಂತ್ರವುಳ್ಳ ಸಣ್ಣ ಘಟಕದ ಶಕ್ತಿಗೆ ಮೀರಿದ ಕೆಲಸವಲ್ಲ. ಆದರೆ ನಿಖರತೆಯಲ್ಲಿ ರಾಜಿ ಸಲ್ಲದು.

ಮುಖ್ಯವಾಗಿ ತೈಲದ ದಿಕ್ಕು. ಸ್ಪಿನ್-ಆನ್ ಫಿಲ್ಟರ್‌ನಲ್ಲಿ ಕೊಳೆ ತೈಲ ಹೊರಸುತ್ತಿನ ಸಣ್ಣ ರಂಧ್ರಗಳಿಂದ ಒಳಬಂದು, ಶುದ್ಧ ತೈಲ ನಡುವಿನ ಥ್ರೆಡ್ ರಂಧ್ರದಿಂದ ಹೊರಹೋಗುತ್ತದೆ. ಅಡಾಪ್ಟರ್ ಈ ದಾರಿಗಳನ್ನು ಅದಲುಬದಲು ಮಾಡಿದರೆ ತಡೆವಾಲ್ವ್ ಬಾಗಿಲು ಮುಚ್ಚಿದಂತಾಗಿ ತೈಲ ಬೇರಿಂಗ್‌ಗಳನ್ನು ತಲುಪುವುದಿಲ್ಲ. ಸ್ಟಡ್ ಅಡಾಪ್ಟರಿನ ಮುಖಕ್ಕೆ ಲಂಬವಾಗಿರಬೇಕು, ಗ್ಯಾಸ್ಕೆಟ್ ಕೂರುವ ಮುಖ ಸಮತಟ್ಟಾಗಿದ್ದು ಯಂತ್ರದ ಗೀರುಗಳಿಲ್ಲದಿರಬೇಕು, ಬಟ್ಟಲಿನ ತಲೆಯಲ್ಲಿದ್ದ ಬೈಪಾಸ್ ವಾಲ್ವ್ ಹೊಸ ವ್ಯವಸ್ಥೆಯಲ್ಲಿಯೂ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲೇ ಪರಿಶೀಲಿಸಬೇಕು. ಅಡಾಪ್ಟರಿನೊಂದಿಗೆ ಯಾವ ಥ್ರೆಡ್, ಯಾವ ಗ್ಯಾಸ್ಕೆಟ್ ಅಳತೆಯ ಫಿಲ್ಟರ್ ಬಳಸಬೇಕೆಂಬುದನ್ನು ಅದರ ಮೈಮೇಲೆಯೇ ಕೆತ್ತಿದರೆ ಮುಂದಿನ ಮಾಲೀಕರಿಗೂ ಮುಂದಿನ ವರ್ತಕರಿಗೂ ಉಪಕಾರ. ಮೂಲ ಬಟ್ಟಲನ್ನು ಎಸೆಯದೆ ಕಾಪಾಡಿಟ್ಟುಕೊಳ್ಳುವಂತೆ ಗ್ರಾಹಕರಿಗೆ ಹೇಳಬೇಕು. ಪ್ರದರ್ಶನಗಳಲ್ಲಿ ಕಾರಿನ ಮೂಲ ಸ್ವರೂಪಕ್ಕೆ ಬೆಲೆ ಹೆಚ್ಚು.

ಫಿಲ್ಟರ್‌ಗಳನ್ನೇ ತಯಾರಿಸುವ ಘಟಕಗಳಿಗೆ ಅಂತಾರಾಷ್ಟ್ರೀಯ ಮಾನಕಗಳು ದಾರಿದೀಪವಾಗಿವೆ. ಸ್ಪಿನ್-ಆನ್ ಫಿಲ್ಟರ್‌ಗಳ ಅಳತೆಗಳನ್ನು ಐ.ಎಸ್.ಒ. 6415 ನಿಗದಿಪಡಿಸುತ್ತದೆ. ಐ.ಎಸ್.ಒ. 4548ರ ವಿವಿಧ ಭಾಗಗಳು ಬೈಪಾಸ್ ವಾಲ್ವ್, ತಣ್ಣಗಿನ ಚಾಲನೆ, ಒಡೆಯುವ ಒತ್ತಡ, ಕಂಪನ, ತಡೆವಾಲ್ವ್, ಸೋಸುವ ಸಾಮರ್ಥ್ಯ ಮುಂತಾದ ಪರೀಕ್ಷೆಗಳನ್ನು ವಿವರಿಸುತ್ತವೆ. ರಫ್ತಿನ ದೃಷ್ಟಿಯಿಂದ ಆಯಿಲ್ ಫಿಲ್ಟರ್‌ಗಳು 8421.23 ಎಂಬ ಎಚ್.ಎಸ್. ಸಂಕೇತದ ಅಡಿಯಲ್ಲಿ ಬರುತ್ತವೆ. ಪರೀಕ್ಷಾ ವರದಿಯೊಂದಿಗೆ ಬರುವ ಸಣ್ಣ ತಯಾರಕರ ಮಾತಿಗೆ ವಿದೇಶಿ ಖರೀದಿದಾರರು ಕಿವಿಗೊಡುತ್ತಾರೆ.

ಅಂಗಡಿಯಲ್ಲಿ ರೂಢಿಸಿಕೊಳ್ಳಬೇಕಾದ ಕ್ರಮ

1. ಹಳೆಯ ಕಾರಿನ ಗ್ರಾಹಕರಿಂದ ಕಾರಿನ ಹೆಸರಿನ ಜೊತೆಗೆ ತಯಾರಾದ ವರ್ಷ ಮತ್ತು ಎಂಜಿನ್ ಸಂಖ್ಯೆಯ ಪೂರ್ವಾಕ್ಷರಗಳನ್ನು ಕೇಳಿ ಬರೆದುಕೊಳ್ಳುವುದು.

2. ಸಾಧ್ಯವಾದರೆ ಹಳೆಯ ಫಿಲ್ಟರನ್ನು ತರಲು ಹೇಳುವುದು. ಆದರೆ ಅದೇ ಸರಿಯಾದ ಫಿಲ್ಟರ್ ಎಂದು ಭಾವಿಸದಿರುವುದು; ಹಿಂದಿನವರ ತಪ್ಪೇ ಮುಂದುವರಿದಿರಬಹುದು. ಎಂಜಿನ್ನಿನ ಸ್ಟಡ್ಡನ್ನು ಅಳೆಸಿಕೊಂಡು ಬರುವಂತೆ ಸೂಚಿಸುವುದು.

3. ಕಪಾಟಿನಲ್ಲಿರುವ ಪ್ರತಿ ಬಗೆಯ ಫಿಲ್ಟರಿಗೂ ಒಂದು ಚೀಟಿ: ಥ್ರೆಡ್, ಗ್ಯಾಸ್ಕೆಟ್‌ನ ಒಳ-ಹೊರ ವ್ಯಾಸ, ಬೈಪಾಸ್ ವಾಲ್ವ್ ಇದೆಯೇ ಇಲ್ಲವೇ, ತಡೆವಾಲ್ವ್ ಇದೆಯೇ ಇಲ್ಲವೇ, ಎತ್ತರ. ಈ ಚೀಟಿಗಳ ಕ್ರಮದಲ್ಲಿ ದಾಸ್ತಾನು ಜೋಡಿಸಿದರೆ ಹತ್ತಾರು ಕಾರುಗಳಿಗೆ ಕೆಲವೇ ಬಗೆಯ ಫಿಲ್ಟರ್‌ಗಳು ಸಾಕಾಗುವುದು ಕಂಡುಬರುತ್ತದೆ, ಬಂಡವಾಳವೂ ಸಿಲುಕಿಕೊಳ್ಳುವುದಿಲ್ಲ.

4. ಐದು ಥ್ರೆಡ್‌ಗಳ ಐದು ಸ್ಟಡ್ ತುಂಡುಗಳನ್ನು ಒಂದು ಹಲಗೆಗೆ ಬಿಗಿದು ಕಟ್ಟೆಯ ಮೇಲೆ ಇಟ್ಟುಕೊಳ್ಳುವುದು. ಫಿಲ್ಟರ್ ಯಾವುದಕ್ಕೆ ಅಲುಗಾಡದೆ ಹತ್ತುತ್ತದೆಯೋ ಅದೇ ಅದರ ಥ್ರೆಡ್.

5. ಬಹುಕಾಲದಿಂದ ಉಳಿದ ದಾಸ್ತಾನಿನಲ್ಲಿ ಗ್ಯಾಸ್ಕೆಟ್ ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಿ, ಅಂತಹುದನ್ನು ಮಾರಾಟದಿಂದ ಹಿಂತೆಗೆಯುವುದು.

6. ಗ್ರಾಹಕರಿಗೆ ಅಳವಡಿಸುವ ಕ್ರಮವನ್ನು ತಿಳಿಸುವುದು: ಗ್ಯಾಸ್ಕೆಟ್‌ಗೆ ಹೊಸ ತೈಲ ಸವರಿ, ಅದು ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯುವುದು, ಎಂಜಿನ್ ಚಾಲೂ ಮಾಡಿ ಒತ್ತಡ ಏರುವುದನ್ನೂ ಸೋರಿಕೆಯನ್ನೂ ಗಮನಿಸುವುದು.

7. ಯಾವ ಕಾರಿಗೆ ಯಾವ ಫಿಲ್ಟರ್ ಕೊಡಲಾಯಿತೆಂಬುದನ್ನು ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಭೇಟಿಯಲ್ಲಿ ಅದು ಸರಿಹೋಯಿತೇ ಎಂದು ವಿಚಾರಿಸುವುದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಕ್ಯಾಲಿಪರ್, ಒಂದು ಪಿಚ್ ಗೇಜ್, ಒಂದು ಹಲಗೆ, ಒಂದು ಪುಸ್ತಕ ಸಾಕು. ಹೆಸರಿಗೆ ಫಿಲ್ಟರ್ ಮಾರುವ ಅಂಗಡಿಗಳು ಪ್ರತಿ ಬೀದಿಯಲ್ಲೂ ಇವೆ. ಹೊಂದುವ ಫಿಲ್ಟರ್ ಕಪಾಟಿನಲ್ಲಿಲ್ಲದಿದ್ದಾಗ "ಇದು ನಿಮ್ಮ ಎಂಜಿನ್ನಿಗೆ ಆಗುವುದಿಲ್ಲ" ಎಂದು ಹೇಳಿ ಗ್ರಾಹಕರನ್ನು ಬರಿಗೈಯಲ್ಲಿ ಕಳುಹಿಸಬಲ್ಲ ಅಂಗಡಿ ಅಪರೂಪ. ಆ ದಿನದ ಒಂದು ಮಾರಾಟ ತಪ್ಪಿದರೂ, ಹಳೆಯ ಕಾರಿನ ಮಾಲೀಕರು ಮತ್ತೆ ಬರುವುದು ಆ ಅಂಗಡಿಗೇ.